ಬರ್ಕಾದಲ್ಲಿ ಕುದುರೆ ಜಪ್ತಿ

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಗಂಡ ಹೇಳುತ್ತಾರೆ, ಅವರು ಹೇಳಿದರೆ ಅದಕ್ಕೆ ಉಪ್ಪುಖಾರ ಹೆಚ್ಚು.

ಅರಬರ ನಾಡಿನ ಈ ಬರ್ಕಾ ಪೇಟೆಯ ಒಂದು ಟೈಪಿಂಗ್ ಆಫೀಸಿನಲ್ಲಿ ನನಗೆ ಕೆಲಸ. ಈ ದೇಶದಲ್ಲಿ ವೀಸಾ ಇರಲಿ, ಅಂಗಡಿಯ ಪರವಾನಗಿ ಇರಲಿ, ತೋಟಕ್ಕೆ ಬಾವಿ ತೋಡುವ ಅನುಮತಿಯೇ ಇರಲಿ, ಸರಕಾರಕ್ಕೆ ಅರ್ಜಿ ಹಾಕಬೇಕಾದವರು ಮೊದಲು ನಮ್ಮಂಥವರ ಎದುರು ಬಂದು ಕೂರುತ್ತಾರೆ. ಅವರು ಹೇಳುತ್ತಾರೆ, ನಾವು ಅರಬಿಯಲ್ಲಿ ಟೈಪ್ ಮಾಡಿ ಕಳಿಸುತ್ತೇವೆ. ಊರಿನ ಮದ್ರಸದಲ್ಲಿ ಉಸ್ತಾದರ ಬೆತ್ತಕ್ಕೆ ಹೆದರಿ ಕಲಿತ ಅಕ್ಷರ ನನಗೆ ಇಲ್ಲಿ ಅನ್ನ ಕೊಡುತ್ತಿದೆ. ಮಾತಾಡುವ ಅರಬಿಯನ್ನು ಮಾತ್ರ ಇಲ್ಲಿನ ಮುದುಕರಿಂದಲೇ ಕಲಿತೆ. ಅವರಿಗೆ ಮೊಬೈಲಿನಲ್ಲಿ ಅರ್ಜಿ ಹಾಕಲು ಬರುವುದಿಲ್ಲ, ಕಚೇರಿ ಹತ್ತಲು ಮಂಡಿ ಕೇಳುವುದಿಲ್ಲ. ಹಾಗಾಗಿ ನಮ್ಮ ಓಣಿಯ ಹಳಬರಿಗೆ ಸರಕಾರ ಅಂದರೆ ಕಪ್ಪು ಅಬಾಯಾ ಹಾಕಿಕೊಂಡ, ಮಂಗಳೂರಿನ ಕಡೆಯ ಈ ಹೆಂಗಸೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಗಳು ಒಂಬತ್ತನೇ ಕ್ಲಾಸು. ನಾನು ಬ್ಯಾರಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಅವಳ ಶಾಲೆಯಲ್ಲಿ ಮಕ್ಕಳದ್ದೇ ಒಂದು ದೊಡ್ಡ ಸಭೆ ನಡೆಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು, ಕೋಟು ಹಾಕಿಸಿ, ವಾದ ಮಾಡಿಸುತ್ತಾರೆ. ಈ ಸಲದ ವಿಷಯ ಕುದುರೆ. ಹಿಂದಿನ ಕಾಲದ ಯುದ್ಧಗಳಲ್ಲಿ ಸೈನ್ಯಕ್ಕೆ ಕುದುರೆ ಸಾಲದೆ ಹೋದರೆ ಜನರ ಮನೆಯ ಕುದುರೆಗಳನ್ನು ಹಿಡಿದುಕೊಂಡು ಹೋಗುತ್ತಿದ್ದರಂತೆ. ಅದಕ್ಕೆ ಈ ಮಕ್ಕಳು ಒಂದು ಕಾನೂನು ಬರೆಯಬೇಕು. ಯಾರ ಕುದುರೆ ಹಿಡಿಯಬಹುದು, ಯಾರದ್ದು ಬಿಡಬೇಕು, ಬದಲಿಗೆ ಏನು ಕೊಡಬೇಕು, ಇಂಥದ್ದೆಲ್ಲ. ನನ್ನ ಮಗಳಿಗೆ ಸಿಕ್ಕಿದ್ದು ಸೈನ್ಯದ ಪಾತ್ರ.

ಒಂದು ಸಂಜೆ ಅವಳು ತಾನು ಬರೆದದ್ದನ್ನು ಓದಿ ಹೇಳಿದಳು. ಒಟ್ಟು ಸಾರಾಂಶ ಇಷ್ಟು: ಎಲ್ಲ ಕುದುರೆಗಳೂ ಸೈನ್ಯಕ್ಕೆ, ಅಡ್ಡ ಬಂದವರು ಜೈಲಿಗೆ.

"ಅಲ್ಲ ಮಗಳೇ, ಕುದುರೆ ಕೊಡುವವರ ಹತ್ರ ಒಂದು ಮಾತು ಕೇಳ್ಲಿಕ್ಕಿಲ್ವಾ?" ಎಂದೆ.

"ಉಮ್ಮ, ಇಟ್ಸ್ ವಾರ್," ಎಂದಳು.

"ನಿನ್ನದೇ ಮಗಳು ಮಾರಾಯ್ತಿ. ನೀನು ನನ್ನ ಅಂಗಡಿಯ ಏಣಿ ತೆಗೊಂಡು ಹೋಗುವಾಗ ಕೇಳಿದ್ದುಂಟಾ?" ಎಂದರು ಗಂಡ. ಅವರದ್ದು ಇಲ್ಲೇ ಹತ್ತಿರ ಹಾರ್ಡ್‌ವೇರ್ ಅಂಗಡಿ.

ನನಗೆ ಸಿಟ್ಟು ಬಂತು. ಏಣಿಗಲ್ಲ, ಕುದುರೆಗೆ. ಯಾಕೆಂದರೆ ನನಗೆ ಗೊತ್ತಿರುವುದು ಒಂದೇ ಕುದುರೆ, ಮತ್ತು ಅದನ್ನು ಹಿಡಿಯಲು ಯಾರಾದರೂ ಬಂದರೆ ಮೊದಲು ಅಡ್ಡ ನಿಲ್ಲುವವಳು ನಾನೇ. ನಮ್ಮ ಕಟ್ಟಡದ ಹಿಂದಿನ ಖರ್ಜೂರದ ತೋಟದಲ್ಲಿ ಒಬ್ಬ ಮುದುಕರಿದ್ದಾರೆ. ಇಲ್ಲಿ ವಯಸ್ಸಾದವರನ್ನು ಗೌರವಕ್ಕೆ 'ವಾಲಿದ್', ಅಂದರೆ ತಂದೆ, ಎಂದು ಕರೆಯುವುದು. ನಾನೂ ಹಾಗೆಯೇ ಕರೆಯುತ್ತೇನೆ. ಹರೆಯದಲ್ಲಿ ಅವರು ಹಬ್ಬದ ಕುದುರೆ ಓಟದಲ್ಲಿ ಜೀನಿನ ಮೇಲೆ ಎದ್ದು ನಿಂತು, ಪಕ್ಕದ ಸವಾರನ ಕೈ ಹಿಡಿದು ಓಡಿಸುತ್ತಿದ್ದವರಂತೆ. ಈಗ ಮಂಡಿ ಹೋಗಿದೆ. ಉಳಿದಿರುವುದು ಒಂದು ಬಿಳಿ ಹೆಣ್ಣುಕುದುರೆ, ಅವರ ತಾಯಿ ಸಾಕಿದ್ದ ಕುದುರೆಯ ಸಂತಾನ. ದಿನಾ ಬೆಳಗ್ಗೆ ಅದನ್ನು ಸಮುದ್ರಕ್ಕೆ ನಡೆಸಿಕೊಂಡು ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸುತ್ತಾರೆ. ಕುದುರೆಯ ಕಾಲಿಗೆ ಒಳ್ಳೆಯದಂತೆ. ತಾವೂ ನಿಲ್ಲುತ್ತಾರೆ.

"ನಡಿ, ಅವರನ್ನೇ ಕೇಳುವ. ಆಮೇಲೆ ಬರಿ ನಿನ್ನ ಕಾನೂನು," ಎಂದು ಮಗಳನ್ನು ಎಬ್ಬಿಸಿದೆ. ಅವಳು ಫೈಲು, ಪೆನ್ನು ಹಿಡಿದುಕೊಂಡು ಕೋಟನ್ನೂ ಹಾಕಿಕೊಂಡಳು. ಕೋಟು ಯಾಕೆಂದು ಕೇಳಿದರೆ ಪ್ರಾಕ್ಟೀಸ್ ಅಂದಳು. ಕುಕ್ಕರಿನಲ್ಲಿ ಅಕ್ಕಿ ಇಟ್ಟಿದ್ದೆ, ಬೇಗ ಬಂದುಬಿಡುವ ಲೆಕ್ಕ ನನ್ನದು.

ಇಲ್ಲಿನ ಒಂದು ಪದ್ಧತಿಯನ್ನು ಹೇಳಬೇಕು. ಯಾರ ಮನೆಗೆ ಹೋದರೂ ಸಲಾಂ ಆದ ಕೂಡಲೆ ಮನೆಯವರು "ಶೂ ಉಲೂಮ್?" ಎನ್ನುತ್ತಾರೆ, ಏನು ಸುದ್ದಿ ಎಂದು. ಅದಕ್ಕೆ ಉತ್ತರ ಒಂದೇ: "ಸುದ್ದಿ ಏನೂ ಇಲ್ಲ, ಎಲ್ಲ ಕ್ಷೇಮ." ಅವರು ಮತ್ತೊಮ್ಮೆ ಕೇಳುತ್ತಾರೆ, ನೀವು ಮತ್ತೊಮ್ಮೆ ಇಲ್ಲ ಎನ್ನಬೇಕು. ಮನೆಗೆ ಬೆಂಕಿ ಬಿದ್ದಿದ್ದರೂ ಹಾಗೆಯೇ. ಖರ್ಜೂರ ತಿಂದು, ಕಹ್ವಾ, ಅಂದರೆ ಇಲ್ಲಿನ ಕಾಫಿ, ಕುಡಿದು, ಸಾಕೆಂದು ಬಟ್ಟಲು ಅಲ್ಲಾಡಿಸಿ ಕೊಟ್ಟ ಮೇಲೆಯೇ ಬಂದ ವಿಷಯ ತೆಗೆಯುವುದು. ಅದಕ್ಕೆ ಮೊದಲೇ ಯಾರಾದರೂ "ಸುದ್ದಿ ಉಂಟು" ಎಂದರೆ, ಅದು ಕಹ್ವಾ ಮುಗಿಯುವವರೆಗೂ ಕಾಯಲಾಗದ ಸುದ್ದಿ. ಸಾವು, ಇಲ್ಲವೆ ಅಂಥದ್ದೇ ಇನ್ನೊಂದು.

ಇಷ್ಟು ವರ್ಷದಿಂದ ನನಗೆ ಇದು ಗೊತ್ತು. ಆದರೆ ಆ ದಿನ ತಲೆಯೊಳಗೆ ಕುಕ್ಕರ್ ಕೂಗುತ್ತಿತ್ತು, ಪಕ್ಕದಲ್ಲಿ ಮಗಳು ಮೊಣಕೈಯಿಂದ ತಿವಿಯುತ್ತಿದ್ದಳು. ಮುದುಕರು ಚಾಪೆಯಲ್ಲಿ ಕೂರಿಸಿ, "ಶೂ ಉಲೂಮ್?" ಎಂದರು. ನಾನು ಹೇಳಿಬಿಟ್ಟೆ.

"ಸುದ್ದಿ ಉಂಟು, ವಾಲಿದ್. ಯುದ್ಧ ಆದರೆ ಸೈನ್ಯಕ್ಕೆ ಕುದುರೆ ಬೇಕಂತೆ. ನಿಮ್ಮ ಹತ್ತಿರ ಕೇಳಿ ಬರೆಯಬೇಕು. ಮಗಳ ಶಾಲೆಯ ಕೆಲಸ."

ಶಾಲೆ ಎಂದು ಹೇಳಿದ್ದೇನಲ್ಲ ಎಂದು ಆಮೇಲೆ ನಾನು ಎಷ್ಟೋ ಜಗಳ ಮಾಡಿದ್ದುಂಟು. ಆದರೆ ಹಿಂದೆ ಜನಗಣತಿಗೆ ಮನೆಮನೆಗೆ ಬಂದಿದ್ದವರೂ ಶಾಲೆಯ ಮೇಷ್ಟ್ರುಗಳೇ ಅಂತೆ. ಎದುರು ಟೈಪಿಂಗ್ ಆಫೀಸಿನ ಹೆಂಗಸು, ಪಕ್ಕದಲ್ಲಿ ಕೋಟು ಹಾಕಿದ ಹುಡುಗಿ, ಕೈಯಲ್ಲಿ ಫೈಲು. ಅವರು ಇನ್ನೇನು ತಿಳಿಯಬೇಕು?

ಮುದುಕರು ತಮ್ಮ ಕಹ್ವಾ ಬಟ್ಟಲನ್ನು ಕೈಗೆತ್ತಿಕೊಂಡು, ಗಂಭೀರವಾಗಿ "ಕೇಳಿ" ಎಂದರು. ಮಗಳು ಕೇಳಿದಳು, ನಾನು ಅರಬಿಗೆ ತಿರುಗಿಸಿದೆ. ಎಂಥ ಕುದುರೆ, ಎಷ್ಟು ಪ್ರಾಯ? ಹೇಳಿದರು. ಬದಲಿಗೆ ಏನು ಕೊಟ್ಟರೆ ಒಪ್ಪುತ್ತೀರಿ? ಅದಕ್ಕೆ ಕೈ ಅಲ್ಲಾಡಿಸಿಬಿಟ್ಟರು. "ಬರೆದುಕೋ ಮಗಳೇ," ಎಂದರು, "ಬೇರೆ ಕುದುರೆ ಬಾಯಿಟ್ಟ ನೀರನ್ನು ಇವಳು ಕುಡಿಯುವುದಿಲ್ಲ. ಎಡಗಡೆಯಿಂದ ಹತ್ತಿರ ಹೋದರೆ ಬೆದರುತ್ತಾಳೆ. ಬೈದರೆ ಒಂದು ದಿನ ಮೇಯುವುದಿಲ್ಲ." ಮಗಳು ಎಲ್ಲವನ್ನೂ ಬರೆದುಕೊಂಡಳು. ಎಷ್ಟು ಚೆನ್ನಾಗಿ ಪಾತ್ರ ಮಾಡುತ್ತಾರೆ ಎಂದು ನಾನು ಖುಷಿಪಟ್ಟೆ.

"ಯುದ್ಧ ಮುಗಿದ ಮೇಲೆ ಹಿಂದೆ ಕೊಡುತ್ತಾರಾ?" ಎಂದು ಅವರು ಕೇಳಿದರು.

"ಬದುಕಿದ್ರೆ," ಎಂದಳು ನಮ್ಮ ಸೇನಾಧಿಪತಿ. ನಾನು ಅದನ್ನೂ ತಿರುಗಿಸಿ ಹೇಳಿದೆ.

"ಯಾವ ಕುದುರೆಯನ್ನು ಹಿಡಿಯಬಾರದು?" ಮಗಳ ಮುಂದಿನ ಪ್ರಶ್ನೆ.

"ಹೊಟ್ಟೆಯಲ್ಲಿ ಮರಿ ಇದ್ದದ್ದನ್ನು." ಅವರು ಲಾಯದ ಕಡೆ ತಿರುಗಿ ನೋಡಿದರು. ಕುದುರೆ ತುಂಬು ಗಬ್ಬವೆಂದು ನನಗೆ ಗೊತ್ತಾದದ್ದು ಆಗಲೇ. ಹೊಟ್ಟೆ ದೊಡ್ಡದಾದದ್ದನ್ನು ನೋಡಿದ್ದೆ. ಚೆನ್ನಾಗಿ ಮೇಯುತ್ತದೆ ಎಂದುಕೊಂಡಿದ್ದೆ.

"ಎಲ್ರೂ ಹೀಗೆ ಒಂದೊಂದು ಕಾರಣ ಹೇಳಿದ್ರೆ ಸೈನ್ಯ ಎಂತ ನಡ್ಕೊಂಡು ಹೋಗ್ಬೇಕಾ?" ಎಂದಳು ಮಗಳು. ಮುದುಕರು ಯೋಚಿಸಿ, ಹುಡುಗಿ ಹೇಳುವುದೂ ನ್ಯಾಯವೇ ಎಂದು ಒಪ್ಪಿಕೊಂಡರು. ಆಮೇಲೆ ಮೆಲ್ಲಗೆ, "ಹುಡುಗರನ್ನೂ ಕರೆಯುತ್ತಾರಾ?" ಎಂದು ಕೇಳಿದರು.

"ಹುಡುಗ್ರು ಮೊದಲೇ ಹೋಗಿರ್ತಾರೆ. ಅವರಿಗೇ ಅಲ್ವಾ ಕುದುರೆ?"

ಅವರು ಬಟ್ಟಲನ್ನು ಕೆಳಗಿಟ್ಟರು. ಅವರ ಮೊಮ್ಮಗ ಹೋದ ವರ್ಷ ಸೈನ್ಯಕ್ಕೆ ಸೇರಿದ್ದ. ಅರ್ಜಿ ಟೈಪ್ ಮಾಡಿದವಳು ನಾನೇ. ಆದರೂ ಆ ಹೊತ್ತಿನಲ್ಲಿ ನನಗೆ ಅದು ಹೊಳೆಯಲಿಲ್ಲ. ಯಾವಾಗ ಬೇಕು ಎಂದು ಕೇಳಿದರು. ಮಗಳ ಸಭೆ ಯಾವಾಗ ಎಂದು ಕೇಳುತ್ತಿದ್ದಾರೆ ಅಂದುಕೊಂಡು, "ಗುರುವಾರ" ಎಂದೆ. ಹೊರಡುವಾಗ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ಮನೆಗೆ ಬಂದರೆ ಕುಕ್ಕರಿನ ತಳ ಹಿಡಿದಿತ್ತು. ಆ ಸಂಜೆ ನಾನು ಬೇಸರಪಟ್ಟದ್ದು ಅದಕ್ಕೆ ಮಾತ್ರ.

ಮರುದಿನ ಬೆಳಗ್ಗೆ ಆಫೀಸು ತೆರೆಯುವಾಗ ಬಾಗಿಲಲ್ಲಿ ಜನ. ಎದುರಿಗೆ ಪಿಕಪ್‌ಗಳು, ಎರಡರಲ್ಲಿ ಕುದುರೆಗಳು. ಮೊದಲು ಒಳಗೆ ಬಂದವರಿಗೆ ತಮ್ಮ ಕುದುರೆ ಕುಂಟು ಎಂದು ಒಂದು ಅರ್ಜಿ ಬೇಕಿತ್ತು. ಆ ಕುಂಟು ಕುದುರೆ ಹೊರಗೆ ಪಿಕಪ್ಪಿನ ಮೇಲೆ ಕುಣಿದು ಕುಣಿದು ಕಂಬಿ ಮುರಿಯುತ್ತಿತ್ತು. ಕುದುರೆ ಕಂಡರೆ ಕಾಲುನೋವು ಎಂದು ನಮ್ಮಲ್ಲಿ ಗಾದೆ. ಇಲ್ಲಿ ಸೈನ್ಯ ಕಂಡು ಕುದುರೆಗೇ ಕಾಲುನೋವು. ಎರಡನೆಯವರಿಗೆ ಕುದುರೆಯನ್ನು ಅತ್ತೆಯ ಹೆಸರಿಗೆ ಮಾಡಬೇಕಂತೆ.

"ಅತ್ತೆಯ ಹೆಸರಿಗೆ ಯಾಕೆ?"

"ಅವರ ಮನೆ ಬಾಗಿಲಿಗೆ ಹೋಗುವ ಧೈರ್ಯ ಯಾವ ಸೈನ್ಯಕ್ಕೂ ಇಲ್ಲ," ಎಂದರು.

ಮೂರನೆಯವನು ಒಬ್ಬ ಯುವಕ, ಬಂದದ್ದು ಜಗಳಕ್ಕೆ. ಮುದುಕರ ಗಬ್ಬದ ಕುದುರೆಯನ್ನು ಬರೆದುಕೊಂಡು ಹೋದಿರಿ, ಓಟದಲ್ಲಿ ಗೆದ್ದ ನನ್ನ ಕುದುರೆ ಕಣ್ಣಿಗೆ ಬೀಳಲಿಲ್ಲವೇ, ನಮಗೆ ಮರ್ಯಾದೆ ಇಲ್ಲವೇ, ಎಂದು. ಅವನ ಹಿಂದೆ ನಿಂತಿದ್ದವರ ಹತ್ತಿರ ಕುದುರೆಯೇ ಇರಲಿಲ್ಲ. ಒಂಟೆ ನಡೆಯುತ್ತದೆಯಾ ಎಂದು ತಿಳಿಯಲು ಬಂದಿದ್ದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಆಫೀಸಿನ ಯಜಮಾನರು, ನಮ್ಮ ಕಫೀಲ್, ಒಳಗೆ ಬಂದು, ಇದೇನು ಜಾತ್ರೆ ಎಂದು ಕೇಳಿದರು. ಯಾರೋ ಅವರಿಗೆ ಮೊಬೈಲಿನಲ್ಲಿ ಬಂದ ಒಂದು ಧ್ವನಿ ಕೇಳಿಸಿದರು. ಯುದ್ಧ ಬರುತ್ತಿದೆ, ಟೈಪಿಂಗ್ ಆಫೀಸಿನ ಹಿಂದೀ, ಅಂದರೆ ಇಂಡಿಯಾದ, ಹೆಂಗಸು ಒಬ್ಬ ಹುಡುಗಿ ಅಧಿಕಾರಿಯ ಜೊತೆ ಮನೆಮನೆಗೆ ಹೋಗಿ ಕುದುರೆ ಬರೆಯುತ್ತಿದ್ದಾಳೆ, ಗುರುವಾರ ಹಿಡಿಯುತ್ತಾರೆ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುತ್ತಾರಲ್ಲ, ಇದು ಒಂದೇ ರಾತ್ರಿಯಲ್ಲಿ ಆನೆಯೇ ಆಗಿತ್ತು.

ನಾನು ವಿಷಯ ಹೇಳಿದೆ. ಕಫೀಲ್ ಕುರ್ಚಿಯಲ್ಲಿ ಕೂತು ನಕ್ಕರು, ತಲೆಯ ಮುಂಡಾಸು ಬಿಚ್ಚಿಹೋಗುವಷ್ಟು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ಈಗ ಯಲ್ಲಾ, ನಡಿ, ಹಬ್ಬಿಸಿದವಳೇ ಅಡಗಿಸು," ಎಂದರು. ಯುದ್ಧವಿಲ್ಲ, ಕುದುರೆ ಯಾರೂ ಹಿಡಿಯುವುದಿಲ್ಲ, ಇದು ನನ್ನ ಮಗಳ ಶಾಲೆಯ ಪಾಠ ಎಂದು ನನ್ನ ಧ್ವನಿಯಲ್ಲೇ ರೆಕಾರ್ಡ್ ಮಾಡಿ ಎಲ್ಲ ಗುಂಪುಗಳಿಗೆ ಕಳಿಸಿದೆವು. ಖಲಾಸ್, ಜನ ಕರಗಿದರು. ಒಂಟೆಯವರು ಮಾತ್ರ ಬಾಗಿಲವರೆಗೆ ಹೋಗಿ ತಿರುಗಿ, ಶಾಲೆಗೆ ಒಂಟೆ ಬೇಕಾದರೆ ಹೇಳು ಎಂದರು.

ಎಲ್ಲರೂ ಬಂದಿದ್ದರು. ನಮ್ಮ ಮುದುಕರು ಬಂದಿರಲಿಲ್ಲ.

ಮಧ್ಯಾಹ್ನದ ಊಟ ಬಿಟ್ಟು ಅವರ ಮನೆಗೆ ಹೋದೆ. ಲಾಯ ಖಾಲಿ. ಅವರ ಹೆಂಡತಿ, ಅವರನ್ನು ನಾನು ವಾಲಿದಾ ಎನ್ನುವುದು, ಅಂಗಳದಲ್ಲಿ ಬೇಳೆ ಆರಿಸುತ್ತಿದ್ದರು. ಬೆಳಗಿನ ನಮಾಜು ಮುಗಿಸಿದ್ದೇ ಕುದುರೆಯನ್ನು ಪಿಕಪ್ಪಿಗೆ ಹತ್ತಿಸಿ ದೂರದ ಇಬ್ರಾ ಊರಿಗೆ ಹೋದರಂತೆ, ತಂಗಿಯ ತೋಟಕ್ಕೆ. ನಾನು ಅವರ ನಂಬರಿಗೆ ಫೋನ್ ಮಾಡಿದೆ. ಫೋನ್ ಒಳಗಿನ ಕೋಣೆಯಲ್ಲಿ, ಚಾರ್ಜಿಗೆ ಹಾಕಿದಲ್ಲೇ, ಹಾಡತೊಡಗಿತು.

ನಿಜ ಹೇಳಿದೆ. ವಾಲಿದಾ ಮೊದಲು ನಕ್ಕರು. "ಎಷ್ಟು ಸಲ ಹೇಳಿದರೂ ತಂಗಿಯನ್ನು ನೋಡಲು ಹೋಗಿರಲಿಲ್ಲ. ನಿನ್ನ ಸರಕಾರ ಹೇಳಿದ ಕೂಡಲೆ ಹೋದರು," ಎಂದರು. ಆಮೇಲೆ ನಗು ನಿಂತಿತು. "ಆದರೆ ಕುದುರೆಯ ಕೆಚ್ಚಲು ತುಂಬಿತ್ತು. ನಿನ್ನೆ ಹಾಲು ತೊಟ್ಟಿಕ್ಕುತ್ತಿತ್ತು. ಇಷ್ಟು ದೂರ ಗಾಡಿಯಲ್ಲಿ ನಿಂತುಕೊಂಡು ಹೋಗುವ ಸ್ಥಿತಿಯೇ ಅದು?" ತಂಗಿಯ ನಂಬರಿಗೆ ಮಾಡಿದರು, ಎತ್ತಲಿಲ್ಲ. ಆಕೆ ಫೋನ್ ಇಟ್ಟುಕೊಂಡಿರುವುದು ಮೊಮ್ಮಕ್ಕಳ ಫೋಟೋ ನೋಡಲಿಕ್ಕಂತೆ.

ಆ ಮಧ್ಯಾಹ್ನದಿಂದ ನನಗೆ ಜೀವದಲ್ಲಿ ಜೀವ ಇರಲಿಲ್ಲ. ಹೆದ್ದಾರಿಯ ಬದಿಯಲ್ಲಿ, ಬಿಸಿಲಿನಲ್ಲಿ, ಪಿಕಪ್ಪಿನ ತಗಡಿನ ಮೇಲೆ ಆ ಬಿಳಿ ಕುದುರೆ ಮಲಗಿರುವುದೇ ಕಣ್ಣೆದುರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ಉಮ್ಮ ನೂರು ಸಲ ಹೇಳಿದ್ದರು. ಗಂಡನಿಗೆ ಹೇಳಿದರೆ ಅವರು ತಮಾಷೆ ಮಾಡಲಿಲ್ಲ. ಇಬ್ರಾದಲ್ಲಿ ಪೈಂಟ್ ಅಂಗಡಿ ಇಟ್ಟಿರುವ ನಮ್ಮ ಊರಿನವರೊಬ್ಬರಿಗೆ ಫೋನ್ ಮಾಡಿ, ತೋಟ ಹುಡುಕಲು ಹೇಳಿದರು. ಅವರು ಸಂಜೆಯವರೆಗೆ ಸುತ್ತಿ, ಇಲ್ಲಿ ಎಲ್ಲರಿಗೂ ತೋಟ ಉಂಟು, ಎಲ್ಲರಿಗೂ ಅಣ್ಣ ಉಂಟು, ಯಾವುದು ಅಂತ ಹುಡುಕೂದು ಎಂದರು. ತಮಾಷೆ ಮಾಡದ ಗಂಡನನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಗುರುವಾರ ಬೆಳಗ್ಗೆ ಮಗಳು ಕೋಟು ಹಾಕಿಕೊಂಡು, "ಬಂದ್ರಾ?" ಎಂದು ಕೇಳಿದಳು. ಬಂದಿಲ್ಲ ಎಂದೆ. ಫೈಲನ್ನು ಬಗಲಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

ಸಭೆಯಲ್ಲಿ ಅವಳು ಸೋತಳು. ಜೈಲಿನ ಮಾತನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆದಿದ್ದಳು. ಗಬ್ಬದ ಕುದುರೆಯನ್ನು ಹಿಡಿಯಬಾರದು. ಹಿಡಿಯುವ ಮೊದಲು ಸಾಕಿದವನ ಮನೆಗೆ ಹೋಗಿ ಕೂತು ಮಾತಾಡಬೇಕು. ಕುದುರೆ ಏನು ತಿನ್ನುತ್ತದೆ, ಯಾವುದಕ್ಕೆ ಬೆದರುತ್ತದೆ ಎಂದು ಕೇಳಿ ಬರೆದು ಅದರ ಜೊತೆಗೇ ಕಳಿಸಬೇಕು. ಯುದ್ಧ ಮುಗಿದರೆ ಅದೇ ಮನೆಗೆ ತಂದುಬಿಡಬೇಕು. ನೀನು ಸೈನ್ಯದ ಪರ ಮಾತಾಡಬೇಕಿತ್ತು, ಕುದುರೆಯ ಪರ ಮಾತಾಡಿದೆ ಎಂದು ತೀರ್ಪುಗಾರರು ಅಂಕ ಕಳೆದರಂತೆ. ಅವಳಿಗೆ ಅದರ ಚಿಂತೆಯೇ ಇರಲಿಲ್ಲ. ಬಸ್ಸಿಳಿದವಳು ಮನೆಗೆ ಬಾರದೆ ನೇರ ತೋಟಕ್ಕೆ ಓಡಿಬಂದಳು. ನಾನು ಅಲ್ಲೇ ವಾಲಿದಾ ಜೊತೆ ಕೂತಿದ್ದೆ.

ಸಂಜೆಯ ನಮಾಜಿನ ಹೊತ್ತಿಗೆ ಪಿಕಪ್ ಬಂತು. ಮುದುಕರು ಇಳಿದರು. ಈದಿಗೆ ಹಾಕುವ ಬಿಳಿ ದಿಶ್‌ದಾಶಾ ನಿಲುವಂಗಿ, ಹೊಸ ಮುಂಡಾಸು, ಸೊಂಟಕ್ಕೆ ಬೆಳ್ಳಿಯ ಬಾಕು, ಖಂಜರ್. ಹಿಂದೆ ಪಿಕಪ್ಪಿನಲ್ಲಿ ಕುದುರೆ ಇತ್ತು. ಆದರೆ ಅದು ಬಿಳಿಯದಲ್ಲ. ಎತ್ತರದ ಕೆಂಪು ಗಂಡುಕುದುರೆ, ಮೈ ಉಜ್ಜಿ ಮಿಂಚಿಸಿದ್ದರು, ಕೊರಳಿಗೆ ಹಬ್ಬದ ಬೆಳ್ಳಿ ಸರ ಕಟ್ಟಿದ್ದರು.

"ಎಲ್ಲಿ ನಿಮ್ಮವರು?" ಎಂದು ನನ್ನನ್ನು ಕೇಳಿದರು. "ಗುರುವಾರ ಅಂದಿದ್ದಿರಲ್ಲ. ತಂಗಿಯ ಕುದುರೆ ಇದು, ಗಟ್ಟಿಯಾಗಿದೆ. ನನ್ನದನ್ನು ಬಿಟ್ಟು ಇದನ್ನು ಬರೆದುಕೊಳ್ಳಿ. ಸೈನ್ಯ ನಡೆದುಕೊಂಡು ಹೋಗಬಾರದು ಎಂದು ಹುಡುಗಿ ಹೇಳಿದ್ದು ಸರಿ. ನನ್ನ ಮೊಮ್ಮಗನೂ ಅದರಲ್ಲಿ ಇದ್ದಾನೆ."

ನನ್ನ ಜೋರು ಬಾಯಿ ಅಂಟಿಕೊಂಡಿತು. ನಾವೆಲ್ಲ ಅವರು ಕುದುರೆ ಬಚ್ಚಿಡಲು ಹೋದರೆಂದು ತಿಳಿದಿದ್ದೆವು. ಇಡೀ ಬರ್ಕಾ ಕುಂಟು, ಕುರುಡು, ಅತ್ತೆ ಎಂದು ನೆಪ ಹುಡುಕುತ್ತಿದ್ದಾಗ, ಈ ಮನುಷ್ಯ ಕೊಡುವುದಕ್ಕೆಂದು ಸಿಂಗಾರ ಮಾಡಿ ತಂದಿದ್ದರು.

ಮಾತಾಡಿದವಳು ನನ್ನ ಮಗಳು. ಇಂಗ್ಲಿಷಿನಲ್ಲಿ ಅಲ್ಲ, ಶಾಲೆಯಲ್ಲಿ ಕಲಿತ ಹರಕುಮುರುಕು ಅರಬಿಯಲ್ಲಿ. "ಯುದ್ಧ ಇಲ್ಲ, ವಾಲಿದ್. ಅದು ಶಾಲೆಯ ಆಟ. ನಿಮ್ಮ ಕುದುರೆ ನಿಮ್ಮದೇ."

ಅವರು ಹಗ್ಗದ ಮಂಚದ ಮೇಲೆ ಕೂತರು. ಮಗಳನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಎಂದೂ ಅನ್ನಿಸಿತು.

"ಹಾಗಾದರೆ ಯಾವ ಕುದುರೆಯೂ ಹೋಗುವುದು ಬೇಡ?"

"ಬೇಡ."

"ಯಾವ ಹುಡುಗನೂ?"

"ಯಾವ ಹುಡುಗನೂ ಬೇಡ, ವಾಲಿದ್."

"ಅಲ್ಹಮ್ದುಲಿಲ್ಲಾಹ್," ಎಂದು ಮುಖವನ್ನು ಎರಡೂ ಕೈಗಳಿಂದ ಉಜ್ಜಿಕೊಂಡರು. ಹಾಗೆ ಉಜ್ಜುತ್ತಲೇ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಹೋದರೆ, ನಗುತ್ತಿದ್ದರು. ವಾಲಿದಾ ಬೈಯಲು ಶುರುಮಾಡಿದರು: ಗಬ್ಬದ ಪ್ರಾಣಿಯನ್ನು ಅಷ್ಟು ದೂರ ಕುಲುಕಿಸಿಕೊಂಡು ಹೋದಿರಿ, ಫೋನ್ ಬಿಟ್ಟು ಹೋದಿರಿ, ಈದಿನ ಬಟ್ಟೆಯನ್ನು ಕುದುರೆಗೆ ಉಜ್ಜಿಕೊಂಡು ಬಂದಿರಿ. ದಾರಿಯುದ್ದಕ್ಕೂ ಆಮೆಯ ಹಾಗೆ ಓಡಿಸಿದೆ, ಇಳಿಸಿ ಇಳಿಸಿ ನಡೆಸಿದೆ, ಎಂದು ಅವರು ನಗುವಿನ ಮಧ್ಯೆ ಹೇಳಿದರು. ಅಷ್ಟರಲ್ಲಿ ಒಳಗೆ ಚಾರ್ಜಿಗಿಟ್ಟ ಫೋನ್ ಮತ್ತೆ ಹಾಡಿತು. ತಂಗಿಯದೇ ಫೋನ್. ಮಧ್ಯಾಹ್ನ ಬಿಳಿ ಕುದುರೆ ಮರಿ ಹಾಕಿತ್ತು. ಹೆಣ್ಣುಮರಿ, ಎದ್ದು ನಿಂತು ಹಾಲು ಕುಡಿಯುತ್ತಿದೆಯಂತೆ, ತಾಯಿ ಯಾರನ್ನೂ ಎಡಗಡೆಯಿಂದ ಹತ್ತಿರ ಬಿಡುತ್ತಿಲ್ಲವಂತೆ.

ಆ ಮರಿಗೆ ಮುದುಕರು ಇಟ್ಟ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಮಗಳದ್ದೇ ಹೆಸರು. ಈಗ ನಮ್ಮ ಮನೆಯಲ್ಲಿ ಅವಳು ಹಟ ಮಾಡಿದರೆ, "ಇವಳೋ, ಇಬ್ರಾದವಳೋ?" ಎಂದು ಗಂಡ ಕೇಳುತ್ತಾರೆ.

ಆ ಸಂಜೆ ಮುದುಕರು ನಮ್ಮನ್ನು ಹಾಗೇ ಕಳಿಸಲಿಲ್ಲ. ಚಾಪೆ ಹಾಸಿದರು, ಖರ್ಜೂರದ ತಟ್ಟೆ ಬಂತು, ಕಹ್ವಾ ಬಂತು. ಕೆಂಪು ಕುದುರೆ ಲಾಯದಲ್ಲಿ ಹುಲ್ಲು ಅಗಿಯುತ್ತಿತ್ತು. ಅವರು ಖಂಜರ್ ಬಿಚ್ಚಿ ಪಕ್ಕಕ್ಕಿಟ್ಟು, ನೆಟ್ಟಗೆ ಕೂತು, ಅದೇ ಆಗ ಬಾಗಿಲಿಗೆ ಬಂದವಳನ್ನು ಕೇಳುವ ಹಾಗೆ ನನ್ನನ್ನು ಕೇಳಿದರು:

"ಶೂ ಉಲೂಮ್?"

ಇಷ್ಟು ವರ್ಷ ಬಾಯಿಪಾಠದ ಹಾಗೆ ಹೇಳಿದ ಉತ್ತರ ಅದು. ಅಂದು ಅದನ್ನು ಒಂದೊಂದೇ ಮಾತಾಗಿ, ನಿಧಾನಕ್ಕೆ ಹೇಳಿದೆ.

"ಸುದ್ದಿ ಏನೂ ಇಲ್ಲ, ವಾಲಿದ್. ಎಲ್ಲ ಕ್ಷೇಮ."

"ಏನೂ ಇಲ್ಲವಾ?"

"ಏನೂ ಇಲ್ಲ."

ಅವರು ತಲೆಯಾಡಿಸಿ ಖರ್ಜೂರದ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.